ಎಂಜಿನ್ ದೀಪ, ಒಂದು ಸ್ಕ್ಯಾನರ್ ಮತ್ತು ಫಲಕವಿಲ್ಲದ ಗ್ಯಾರೇಜು

ದೀಪ ಮೊದಲು ಹತ್ತಿದ್ದು ಮರವಂತೆಯಲ್ಲಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಊರಿನವರಲ್ಲದವರೆಲ್ಲ ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ ಜಾಗದಲ್ಲಿ ನಾನು ಕಾರು ನಿಲ್ಲಿಸಿ ಡ್ಯಾಶ್‌ಬೋರ್ಡ್ ನೋಡುತ್ತ ಕುಳಿತಿದ್ದೆ. ಎಂಜಿನ್ ಆಕಾರದ ಹಳದಿ ದೀಪ. ಮಿನುಗುತ್ತಿರಲಿಲ್ಲ, ಸುಮ್ಮನೆ ಉರಿಯುತ್ತಿತ್ತು. ಕಾರು ಓಡುವುದರಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತಿಲ್ಲ, ಏರಿನಲ್ಲಿ ಸೋಲುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಮೂರು ನಿಮಿಷ ಮಾತ್ರ ಅಡಿಯಿಂದ ಸಣ್ಣಗೆ ಚುಸ್ ಚುಸ್ ಎನ್ನುತ್ತಿತ್ತು. ಅದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಕಾರಿಗೆ ಹನ್ನೊಂದು ವರ್ಷ, ಓಡಿದ್ದು 86,000 ಕಿಲೋಮೀಟರ್.

ಆ ದೀಪ ಆರುವವರೆಗಿನ ಐದು ವಾರಗಳಲ್ಲಿ ನಾನು ಮೂರು ಕಡೆ ಹಣ ಕೊಟ್ಟೆ: ಒಂದು ಸರ್ವಿಸ್ ಸೆಂಟರ್, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಲು ಅಂತರಜಾಲದಲ್ಲಿ ತರಿಸಿದ ಒಂದು ಸ್ಕ್ಯಾನರ್, ಒಂದು ಗ್ಯಾರೇಜು. ಈ ಬರಹ ಮೂರರ ವಿಮರ್ಶೆ. ಸರ್ವಿಸ್ ಸೆಂಟರಿನ ಹೆಸರು ಬರೆಯುವುದಿಲ್ಲ. ನಾಳೆ ಬೇರೇನೋ ಕೆಟ್ಟರೆ ಅದೇ ಬಾಗಿಲಿಗೆ ಹೋಗಬೇಕಾದವಳು ನಾನು. ಕಾರಿನ ಹೆಸರೂ ಬೇಡ, ಅದರ ತಪ್ಪೇನೂ ಇಲ್ಲ. 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು, ಬಿಎಸ್4 ಹೊಗೆ ನಿಯಮದ ಕಾಲದ್ದು ಎಂದರೆ ಸಾಕು. ಗ್ಯಾರೇಜಿನ ಹೆಸರನ್ನು ಮಾತ್ರ ಸಂತೋಷದಿಂದ ಬರೆಯುತ್ತಿದ್ದೆ, ಆದರೆ ಅದಕ್ಕೆ ಹೆಸರಿಲ್ಲ. ಒಂದು ಕಾಲದಲ್ಲಿ ಫಲಕವಿತ್ತಂತೆ. ಹೆದ್ದಾರಿ 66 ಅಗಲವಾಗುವಾಗ ಫಲಕದ ಕಂಬ ರಸ್ತೆಯ ಪಾಲಾಯಿತು, ಆಮೇಲೆ ಯಾರೂ ಹಾಕಲಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಹವಾನಿಯಂತ್ರಿತ ಕೋಣೆ ಇದೆ, ಕಾಫಿ ಯಂತ್ರ ಇದೆ. ಕಾರು ಒಳಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದು, ಕಾರಿನ ಮಾಲೀಕಳೂ ಚಾಲಕಿಯೂ ಆದ ನನ್ನನ್ನು ದಾಟಿ ನಮ್ಮ ಮನೆಯವರ ಎದುರು ನಿಂತ. ಅವರಿಗೆ ಕಾರು ಬಿಡಲು ಬರುವುದಿಲ್ಲ, ಅವರು ಕಾಫಿ ಕುಡಿಯುತ್ತಿದ್ದರು. ‘ಸರ್, ಪಿ0420 ಕೋಡ್ ಬಂದಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ. ಮ್ಯಾನಿಫೋಲ್ಡ್ ಸಮೇತ ಬರುತ್ತದೆ. ಕೂಲಿ ಸೇರಿ 52,400.’ ಬೆಳಗಿನ ಶಬ್ದದ ವಿಷಯ ನಾನು ಹೇಳಿದೆ. ತಲೆಯಾಡಿಸಿದ. ಜಾಬ್ ಕಾರ್ಡಿನಲ್ಲಿ ಅದನ್ನು ಬರೆದುಕೊಳ್ಳಲಿಲ್ಲ. ಕೋಡ್ ಓದಿದ್ದಕ್ಕೆ 1,100 ರೂಪಾಯಿ ಬಿಲ್ಲು.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಕ್ರಿಯಾವರ್ಧಕಗಳ (ಕ್ಯಾಟಲಿಸ್ಟ್) ಪಾಠ ಬಂದಾಗಲೆಲ್ಲ ಕಾರಿನ ಹೊಗೆ ಶುದ್ಧಮಾಡುವ ಕನ್ವರ್ಟರಿನ ಉದಾಹರಣೆ ಕೊಡುತ್ತೇನೆ: ಜೇನುಗೂಡಿನಂಥ ಪಿಂಗಾಣಿಯ ಒಳಮೈಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನ, ಕಾರ್ಬನ್ ಮಾನಾಕ್ಸೈಡ್ ಹೋಗಿ ಡೈಆಕ್ಸೈಡ್ ಆಗುತ್ತದೆ, ಉರಿಯದೆ ಉಳಿದ ಹೈಡ್ರೋಕಾರ್ಬನ್ ನೀರು ಮತ್ತು ಡೈಆಕ್ಸೈಡ್ ಆಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ಮರಳಿ ನೈಟ್ರೋಜನ್ ಆಗುತ್ತವೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದಾಗ ಜೊತೆಗೇ ಸೀಸವಿಲ್ಲದ ಪೆಟ್ರೋಲನ್ನೂ ತರಬೇಕಾಯಿತು, ಏಕೆಂದರೆ ಸೀಸ ಈ ಲೇಪನಕ್ಕೆ ವಿಷ. ಇಷ್ಟೆಲ್ಲ ಬೋರ್ಡಿನ ಮೇಲೆ ಬರೆಯುತ್ತೇನೆ. ಕ್ರಿಯಾವರ್ಧಕ ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ ಎಂದು ಎರಡು ಸಲ ಹೇಳಿ ಮಕ್ಕಳಿಂದ ಹೇಳಿಸುತ್ತೇನೆ. ಅಂಥವಳಿಗೆ ಒಬ್ಬ ಹುಡುಗ ‘ಕನ್ವರ್ಟರ್ ಹೋಗಿದೆ’ ಎಂದಾಗ ‘ಹೇಗೆ ಹೋಯಿತು, ಯಾವುದರಿಂದ ಹೋಯಿತು’ ಎಂದು ಕೇಳುವುದು ಹೊಳೆಯಲಿಲ್ಲ. ಹೆದರಿಕೆಯಾಯಿತು ಅಷ್ಟೇ. ‘ಯೋಚಿಸಿ ಹೇಳುತ್ತೇವೆ’ ಎಂದು ಎದ್ದು ಬಂದೆವು.

ಆ ವಾರ ಸಿಕ್ಕ ಸಲಹೆಗಳು ಹಲವು. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಶೀಸೆಯ ಔಷಧಿ, 600 ರೂಪಾಯಿ. ಕನ್ವರ್ಟರನ್ನೇ ಕಿತ್ತು ಖಾಲಿ ಪೈಪು ಹಾಕುವುದು; ಕಿತ್ತದ್ದನ್ನು ಗುಜರಿಯವರು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ, ಲೇಪನದ ಲೋಹಗಳ ಆಸೆಗೆ. ಕನ್ವರ್ಟರಿನ ಹಿಂದೆ ಕೂತಿರುವ ಆಮ್ಲಜನಕ ಸೆನ್ಸರಿಗೆ ಒಂದು ಬುಷ್ (ಚಿಕ್ಕ ಕೊಳವೆ) ಹಾಕಿ ಅದನ್ನು ಹೊಗೆಯಿಂದ ಸ್ವಲ್ಪ ದೂರ ಕೂರಿಸಿ ಕಂಪ್ಯೂಟರಿನ ಕಣ್ಣಿಗೆ ಮಣ್ಣೆರಚುವುದು. ಈ ಕೊನೆಯದನ್ನು ಹೇಳಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದವರು. ಅವರಿಗೆ ನಾನು ಉತ್ತರ ಕೊಡಲಿಲ್ಲ.

ಸ್ಕ್ಯಾನರ್ ತರಿಸಲು ಹೇಳಿದ್ದು ಬೆಂಗಳೂರಿನಲ್ಲಿರುವ ನಾದಿನಿಯ ಮಗ. ‘ಅತ್ತೆ, 1,100 ಕೊಟ್ಟು ಕೋಡ್ ಓದಿಸುವ ಬದಲು ಅಷ್ಟೇ ದುಡ್ಡಿಗೆ ಯಂತ್ರವೇ ಬರುತ್ತದೆ’ ಎಂದ. ಮೊದಲು ತರಿಸಿದ್ದು 449 ರೂಪಾಯಿಯ ನೀಲಿ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೇಲೆ ‘ಇಎಲ್‌ಎಂ327, ಆವೃತ್ತಿ 1.5’ ಎಂದು ಒಳಗಿನ ಚಿಪ್ಪಿನ ಹೆಸರು ಅಚ್ಚು. ಅದು ಮೊಬೈಲಿಗೆ ಸಿಕ್ಕಿತು, ಕಾರಿಗೆ ಸಿಗಲಿಲ್ಲ. ಮೂರು ಸಂಜೆ ಒದ್ದಾಡಿದ ಮೇಲೆ ತಿಳಿದದ್ದು: ಆ ಚಿಪ್ಪನ್ನು ರೂಪಿಸಿದ ಕೆನಡಾದ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ. ಹುಟ್ಟದೇ ಇದ್ದ ಮಗುವಿಗೆ ನಾಮಕರಣ. ವಾಪಸು ಕಳಿಸಿ 1,150 ರೂಪಾಯಿಯ ಇನ್ನೊಂದನ್ನು ತರಿಸಿದೆ. ಅದೂ ಅಸಲಿ ಚಿಪ್ಪಿನದಿರಲಾರದು, ಆದರೆ ಮಾತು ಕೇಳುತ್ತದೆ.

ಸ್ಟೀರಿಂಗಿನ ಕೆಳಗೆ, ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. 2013ರ ಏಪ್ರಿಲ್ ನಂತರದ ನಮ್ಮ ಕಾರುಗಳಲ್ಲಿ ಹುಡುಕಿದರೆ ಸಿಕ್ಕೀತು. ಬಗ್ಗಿ ಚುಚ್ಚಬೇಕು, ಸೊಂಟ ನೋವಿರುವವರು ಮಕ್ಕಳಿಂದ ಚುಚ್ಚಿಸಿಕೊಳ್ಳಿ. ಕೀಲಿ ತಿರುಗಿಸಿ, ಮೊಬೈಲಿನ ಬ್ಲೂಟೂತಿನಲ್ಲಿ ಜೋಡಿಸಿ, 1234 ಎಂದು ಒತ್ತಿದರೆ ಆಯಿತು. ಐಫೋನ್ ಇರುವವರು ಕೊಳ್ಳುವ ಮುನ್ನ ವಿವರ ಓದಿಕೊಳ್ಳಬೇಕು, ಹಳೆಯ ಬ್ಲೂಟೂತಿನ ಅಗ್ಗದ ಡಬ್ಬಿಗಳು ಅದರ ಜೊತೆ ಮಾತನಾಡುವುದಿಲ್ಲ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಕಾರು ನಿಂತಿದ್ದಾಗಲೂ ಡಬ್ಬಿಯ ದೀಪ ಉರಿಯುತ್ತಲೇ ಇರುತ್ತದೆ, ನಾಲ್ಕು ದಿನ ಕಾರು ತೆಗೆಯದವರ ಬ್ಯಾಟರಿಗೆ ಅದು ಒಳ್ಳೆಯದಲ್ಲ.

ಕೋಡ್ ಬಂತು. ಅದೇ ಪಿ0420. ಆಪ್‌ನಲ್ಲಿ ಅದರ ಮೇಲೆ ಬೆರಳಿಟ್ಟರೆ ಪೂರ್ತಿ ಹೆಸರು: ‘ಕ್ಯಾಟಲಿಸ್ಟ್ ಸಿಸ್ಟಮ್ ಎಫಿಶಿಯೆನ್ಸಿ ಬಿಲೋ ತ್ರೆಶೋಲ್ಡ್, ಬ್ಯಾಂಕ್ 1’. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಅಭ್ಯಾಸದವಳು ನಾನು, ಇದನ್ನೂ ಪದ ಪದವಾಗಿ ಓದಿದೆ. ‘ಕನ್ವರ್ಟರ್ ಕೆಟ್ಟಿದೆ’ ಎಂದು ಎಲ್ಲೂ ಇಲ್ಲ. ಕ್ರಿಯಾವರ್ಧಕ ವ್ಯವಸ್ಥೆಯ ದಕ್ಷತೆ ಮಿತಿಗಿಂತ ಕೆಳಗೆ ಕಂಡಿದೆ, ಅಷ್ಟೇ. ಕಂಡಿದ್ದು ಯಾರಿಗೆ? ಕನ್ವರ್ಟರಿನ ಒಳಗೆ ಅನಿಲ ಅಳೆಯುವ ಯಾವ ಉಪಕರಣವೂ ಇಲ್ಲ. ಅದರ ಮುಂದೊಂದು ಹಿಂದೊಂದು ಆಮ್ಲಜನಕ ಸೆನ್ಸರ್ ಕೂತಿವೆ. ಕಂಪ್ಯೂಟರ್ ಎರಡನ್ನೂ ಹೋಲಿಸಿ ಒಂದು ಊಹೆ ಮಾಡುತ್ತದೆ.

ಊಹೆಯ ತರ್ಕ ಚೆನ್ನಾಗಿದೆ. ಮುಂದಿನ ಸೆನ್ಸರಿನ ವೋಲ್ಟೇಜು 0.1ರಿಂದ 0.9ರವರೆಗೆ ಏರುತ್ತ ಇಳಿಯುತ್ತ ಇರಬೇಕು, ಏಕೆಂದರೆ ಎಂಜಿನ್ ಒಮ್ಮೆ ಪೆಟ್ರೋಲು ಹೆಚ್ಚು, ಒಮ್ಮೆ ಗಾಳಿ ಹೆಚ್ಚು ಎಂದು ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲು ಎಂಬ ಲೆಕ್ಕದ ಆಸುಪಾಸಿನಲ್ಲಿ ತೂಗಾಡುತ್ತಲೇ ಇರುತ್ತದೆ. ಕನ್ವರ್ಟರಿನ ಲೇಪನದಲ್ಲಿರುವ ಸೀರಿಯಂ ಆಕ್ಸೈಡ್, ಆಮ್ಲಜನಕ ಹೆಚ್ಚಾದಾಗ ಹಿಡಿದಿಟ್ಟು ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹಾಗಾಗಿ ಹಿಂದಿನ ಸೆನ್ಸರಿನ ಗೆರೆ 0.6, 0.7ರ ಹತ್ತಿರ ನೆಟ್ಟಗೆ ನಿಂತಿರಬೇಕು. ಕೆರೆಯ ಹಾಗೆ ಎಂದುಕೊಳ್ಳಿ. ಹಳ್ಳದಲ್ಲಿ ಒಂದು ಗಳಿಗೆ ನೆರೆ, ಒಂದು ಗಳಿಗೆ ಬರ. ತೂಬಿನಿಂದ ಹೊರಬರುವ ನೀರು ಮಾತ್ರ ಒಂದೇ ಸಮ. ಕೆರೆಯಲ್ಲಿ ಹೂಳು ತುಂಬಿದರೆ ಹಳ್ಳದ ಕುಣಿತವೇ ತೂಬಿನಲ್ಲೂ ಕಾಣುತ್ತದೆ. ಪಿ0420 ಎಂದರೆ ತೂಬಿನಲ್ಲಿ ಕುಣಿತ ಕಂಡಿದೆ ಎಂದು. ಕೆರೆಗೆ ಹೂಳು ತುಂಬಿದೆಯೋ, ತೂಬಿನ ಪಕ್ಕದಲ್ಲಿ ಬೇರೆಲ್ಲಿಂದಲೋ ನೀರು ನುಗ್ಗುತ್ತಿದೆಯೋ ಎಂದು ಕೋಡ್ ಹೇಳುವುದಿಲ್ಲ.

ಇಷ್ಟು ತಿಳಿದ ಮೇಲೂ ನಾನೊಂದು ಪೆದ್ದು ಕೆಲಸ ಮಾಡಿದೆ. ಆಪ್‌ನಲ್ಲಿ ‘ಅಳಿಸು’ ಎಂಬ ಗುಂಡಿ ಇದೆ, ಕೆಂಪು ಬಣ್ಣದ್ದು. ಒತ್ತಿದೆ. ದೀಪ ಆರಿತು. ಮನೆಯಲ್ಲಿ ಪಾಯಸ ಮಾಡುವುದೊಂದು ಬಾಕಿ. ಐದನೆಯ ದಿನ ಬೈಂದೂರಿನಿಂದ ಬರುವಾಗ ಮತ್ತೆ ಹತ್ತಿತು. ಈ ಕೋಡಿಗೆ ಒಂದೇ ಓಡಾಟದಲ್ಲಿ ದೀಪ ಹತ್ತುವುದಿಲ್ಲ. ಮೊದಲ ಸಲ ತಪ್ಪು ಕಂಡಾಗ ‘ಬಾಕಿ’ ಪಟ್ಟಿಯಲ್ಲಿ ಬರೆದಿಟ್ಟು, ಇನ್ನೊಂದು ಓಡಾಟದಲ್ಲೂ ಕಂಡರೆ ಆಗ ಹತ್ತಿಸುತ್ತದೆ. ಅಳಿಸಿದಾಗ ನಾನು ಕಳೆದುಕೊಂಡದ್ದು ಮರವಂತೆಯ ಆ ಕ್ಷಣದ ದಾಖಲೆಯನ್ನು. ಕೋಡ್ ಬಿದ್ದಾಗ ವೇಗವೆಷ್ಟು, ಎಂಜಿನ್ ಎಷ್ಟು ಬಿಸಿ, ಪೆಟ್ರೋಲಿನ ಹೊಂದಾಣಿಕೆ (ಗಾಳಿಗೆ ತಕ್ಕಂತೆ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಪ್ರಮಾಣ) ಎಷ್ಟು ಎಂಬುದನ್ನೆಲ್ಲ ಕಂಪ್ಯೂಟರ್ ಒಂದು ಚಿತ್ರದಂತೆ ಹಿಡಿದಿಟ್ಟಿರುತ್ತದೆ, ಕೋಡಿನ ಜೊತೆ ಅದೂ ಅಳಿಯುತ್ತದೆ. ಎರಡನೆಯ ಸಲ ಬಿದ್ದದ್ದನ್ನು ಮುಟ್ಟದೆ ಚಿತ್ರ ತೆಗೆದಿಟ್ಟೆ: ಗಂಟೆಗೆ 66 ಕಿಲೋಮೀಟರ್, ಎಂಜಿನ್ ನಿಮಿಷಕ್ಕೆ 2,180 ಸುತ್ತು, ನೀರಿನ ಬಿಸಿ 90 ಡಿಗ್ರಿ, ಪೆಟ್ರೋಲ್ ಹೊಂದಾಣಿಕೆ 2.3 ಶೇಕಡ.

ಸ್ಕ್ಯಾನರಿನ ಬಗ್ಗೆ ನನ್ನ ತೀರ್ಪು ಇಲ್ಲೇ ಬರೆದುಬಿಡುತ್ತೇನೆ. ಓದುವುದರಲ್ಲಿ ಜಾಣ, ಹೇಳುವುದರಲ್ಲಿ ದಡ್ಡ. ಎರಡು ಸೆನ್ಸರಿನ ಗೆರೆಗಳನ್ನು ಒಂದರ ಮೇಲೊಂದು ಎಳೆದು ತೋರಿಸುವ ಅದರ ಗ್ರಾಫಿಗೆ ಎರಡು ಸಾವಿರ ಕೊಟ್ಟರೂ ನಷ್ಟವಿಲ್ಲ. ಆದರೆ ‘ಸಂಭವನೀಯ ಕಾರಣ’ ಎಂಬ ಪುಟದಲ್ಲಿ ಮೊದಲ ಸಾಲು ‘ಕನ್ವರ್ಟರ್ ಬದಲಿಸಿ’ ಎಂದಿದೆ. ಸರ್ವಿಸ್ ಸೆಂಟರಿನ ಹುಡುಗನ ಟ್ಯಾಬಿನಲ್ಲೂ ಇದೇ ಪುಟ ಇದ್ದಿರಬೇಕು.

ಗ್ಯಾರೇಜು ತೋರಿಸಿದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಆಕೆ ಅಂಚೆ ಕಚೇರಿಯಲ್ಲಿದ್ದಾಳೆ. ನೀಲಿ ಟಾರ್ಪಾಲಿನ ಮಾಡು, ಒಂದು ಗುಂಡಿ, ಯಾವುದೋ ಜೀಪಿನಿಂದ ಕಿತ್ತ ಸೀಟು ಗಿರಾಕಿಗಳಿಗೆ ಕುಳಿತುಕೊಳ್ಳಲು. ಆಗಸ್ಟ್ ತಿಂಗಳ ಮಳೆ, ಟಾರ್ಪಾಲಿನಿಂದ ಸರಿಯಾಗಿ ಆ ಸೀಟಿನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಗ್ಯಾರೇಜಿನವರಿಗೆ ಅರುವತ್ತರ ಹತ್ತಿರ. ಹುಡುಗರು ‘ಅಣ್ಣ’ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರು ನನ್ನನ್ನು ‘ಟೀಚರ್’ ಎಂದರು. ಅವರು ಮಾತನಾಡಿದ್ದೆಲ್ಲ ಕುಂದಾಪುರ ಕನ್ನಡದಲ್ಲಿ. ಇಲ್ಲಿ ಬರೆಯುವಾಗ ಅದು ಪುಸ್ತಕದ ಕನ್ನಡವಾಗಿದೆ, ಅರ್ಧ ಖಾರ ಹೋಗಿದೆ.

ಕೋಡ್ ಹೇಳಿದೆ. ಅವರು ಕೋಡಿನ ಬಗ್ಗೆ ಏನೂ ಕೇಳಲಿಲ್ಲ.

‘ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಶಬ್ದ ಬರುತ್ತದೆಯೇ ಟೀಚರ್?’

ಬರುತ್ತದೆ ಎಂದೆ. ಎಷ್ಟು ಹೊತ್ತು ಎಂದರು. ಎರಡು ಮೂರು ನಿಮಿಷ ಎಂದೆ. ಎಂಜಿನ್ ಆಯಿಲ್ ಮಧ್ಯದಲ್ಲಿ ತುಂಬಿಸಬೇಕಾಗುತ್ತದೆಯೇ, ರೇಡಿಯೇಟರ್ ನೀರು ಇಳಿಯುತ್ತದೆಯೇ, ದೀಪ ಎಂದಾದರೂ ಮಿನುಗಿದ್ದುಂಟೇ, ಸ್ಪಾರ್ಕ್ ಪ್ಲಗ್ ಬದಲಿಸಿ ಎಷ್ಟು ಕಾಲವಾಯಿತು. ಒಂದೊಂದಕ್ಕೂ ಕಾರಣ ಕೇಳಿದೆ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಯಾರೋ ಕೊಂದಿರುತ್ತಾರೆ ಎಂದರು. ಎಂಜಿನ್ ಆಯಿಲ್ ಉರಿಸುತ್ತಿದ್ದರೆ ಅದರ ರಂಜಕ ಲೇಪನವನ್ನು ಮುಚ್ಚುತ್ತದೆ. ಒಂದು ಸಿಲಿಂಡರ್ ಉರಿಯದೆ ಹಸಿ ಪೆಟ್ರೋಲು ಹೋಗಿ ಒಳಗೆ ಉರಿದರೆ ಜೇನುಗೂಡೇ ಕರಗುತ್ತದೆ, ದೀಪ ಮಿನುಗುವುದು ಆಗ. ಕೊಂದವನನ್ನು ಹಿಡಿಯದೆ ಹೊಸದು ಹಾಕಿದರೆ ಹೊಸದನ್ನೂ ಕೊಲ್ಲುತ್ತಾನೆ. ನನ್ನ ಕಾರಿನಲ್ಲಿ ಇದ್ಯಾವುದರ ಲಕ್ಷಣವೂ ಇರಲಿಲ್ಲ. ಕೋಡನ್ನು ಒಮ್ಮೆ ಅಳಿಸಿದ್ದೆ ಎಂದು ಹೇಳಿದಾಗ ಮಾತ್ರ ಅವರ ಮುಖ ಕಹಿಯಾಯಿತು. ‘ಕಳವಾದ ಮನೆಯ ನೆಲವನ್ನು ಪೊಲೀಸರು ಬರುವ ಮೊದಲೇ ಒರೆಸಿದ ಹಾಗಾಯಿತಲ್ಲ’ ಎಂದರು.

ಎಂಜಿನ್ ಬಿಸಿ ಇತ್ತು. ನನ್ನ ಮೊಬೈಲನ್ನು ಸ್ಟೀರಿಂಗಿಗೆ ಒರಗಿಸಿ ಗ್ರಾಫ್ ಹಾಕಿಸಿದರು, ಹುಡುಗನೊಬ್ಬ ಆಕ್ಸಿಲರೇಟರ್ ಒತ್ತಿ 2,500 ಸುತ್ತಿನಲ್ಲಿ ಹಿಡಿದ. ಮುಂದಿನ ಸೆನ್ಸರಿನ ಗೆರೆ ಮೇಲೆ ಕೆಳಗೆ, ಮೇಲೆ ಕೆಳಗೆ, ಹೊಲಿಗೆ ಯಂತ್ರದ ಸೂಜಿಯ ಹಾಗೆ. ಹಿಂದಿನದು 0.7ರಲ್ಲಿ ನೆಟ್ಟಗೆ ಹೋಗುತ್ತ ಹೋಗುತ್ತ ತಟ್ಟನೆ 0.1ಕ್ಕೆ ಬಿದ್ದು ಮತ್ತೆ ಎದ್ದಿತು. ಸ್ವಲ್ಪ ಹೊತ್ತು ನೆಟ್ಟಗೆ. ಮತ್ತೆರಡು ಸಲ ಬಿತ್ತು. ನನಗೆ ಎದೆ ಧಸಕ್ಕೆಂದಿತು, ಕುಣಿತ ಇದೆಯಲ್ಲ. ಅವರು ಬಗ್ಗಿ ನೋಡಿ, ‘ಕುಣಿತ ಇದೆ, ತಾಳ ಬೇರೆ’ ಎಂದರು. ಕನ್ವರ್ಟರ್ ಸತ್ತಿದ್ದರೆ ಹಿಂದಿನದು ಮುಂದಿನದರ ಹೆಜ್ಜೆಗೇ ಹೆಜ್ಜೆ ಹಾಕಬೇಕು. ಇದು ತನ್ನ ಪಾಡಿಗೆ ಬೀಳುತ್ತಿದೆ. ಹುಡುಗನಿಗೆ ಆಕ್ಸಿಲರೇಟರ್ ಬಿಟ್ಟು ಬಿಟ್ಟು ಒತ್ತಲು ಹೇಳಿದರು. ಎಂಜಿನ್ ಒಲೆದಾಡಿದಾಗಲೆಲ್ಲ ಗೆರೆ ಬಿದ್ದಿತು. ಎಲ್ಲೋ ಹೊರಗಿನ ಗಾಳಿ ಒಳಗೆ ಸೇರುತ್ತಿದೆ, ಸೇರುತ್ತಿರುವುದು ಹಿಂದಿನ ಸೆನ್ಸರಿನ ಹತ್ತಿರ. ಮುಂದಿನ ಸೆನ್ಸರಿನ ಹತ್ತಿರ ಸೇರುತ್ತಿದ್ದರೆ ಪೆಟ್ರೋಲ್ ಹೊಂದಾಣಿಕೆ 2.3ರಲ್ಲಿ ಇರುತ್ತಿರಲಿಲ್ಲ, ಹತ್ತು ದಾಟುತ್ತಿತ್ತು. ನಾನು ಚಿತ್ರ ತೆಗೆದಿಟ್ಟಿದ್ದ ಆ ಅಂಕಿ ಕೆಲಸಕ್ಕೆ ಬಂದದ್ದು ಹೀಗೆ.

ಹೊಗೆಯ ಪೈಪಿನಲ್ಲಿ ಒತ್ತಡ ಒಳಗಿನಿಂದ ಹೊರಗೆ ತಾನೇ, ಹೊರಗಿನ ಗಾಳಿ ಒಳಗೆ ಹೇಗೆ ಬಂದೀತು ಎಂದು ಕೇಳಿದೆ. ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಅಲೆ ಅಲೆಯಾಗಿ ಹೋಗುತ್ತದೆ. ಪ್ರತಿ ಅಲೆಯ ಹಿಂದೆ ಒಂದು ಎಳೆತ ಇರುತ್ತದೆ, ಕಡಲಿನವರಿಗೆ ಇದನ್ನು ಹೇಳಬೇಕೇ ಎಂದರು. ನಾನು ಮುಂದಿನ ವರ್ಷ ಪಾಠದಲ್ಲಿ ಇದನ್ನು ಬಳಸಿಕೊಳ್ಳುತ್ತೇನೆ, ಅವರ ಅನುಮತಿ ಕೇಳಿಲ್ಲ.

ನಾನು ಹೆಮ್ಮೆಯಿಂದ ಹೊಗೆ ತಪಾಸಣೆಯ ಚೀಟಿ ತೋರಿಸಿದೆ. ಎರಡು ವಾರದ ಹಿಂದಿನದು: ಕಾರ್ಬನ್ ಮಾನಾಕ್ಸೈಡ್ 0.04 ಶೇಕಡ, ಮಿತಿ 0.3, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 38 ಪಾಲು, ಮಿತಿ 200. ಕನ್ವರ್ಟರ್ ಚೆನ್ನಾಗಿದೆ ಎನ್ನಲು ಇದು ಸಾಕ್ಷಿಯಲ್ಲವೇ? ‘ಪೈಪಿನಲ್ಲಿ ತೂತು ಇರುವಾಗ ಅಳೆದದ್ದು, ಗಾಳಿ ಬೆರೆತಿರುತ್ತದೆ ಟೀಚರ್. ನೀರು ಬೆರೆಸಿದ ಹಾಲಿಗೆ ಡಿಗ್ರಿ ಹಿಡಿದ ಹಾಗೆ.’ ದ್ರಾವಣ ತೆಳುವಾದರೆ ಸಾಂದ್ರತೆ ಇಳಿಯುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾದಿನಿಯ ಮಗ ಹೇಳಿಕೊಟ್ಟಿದ್ದ ಇನ್ನೊಂದು ಪರೀಕ್ಷೆಯನ್ನೂ ಕೇಳಿದೆ, ಕನ್ವರ್ಟರಿನ ಹಿಂದು ಮುಂದಿನ ಬಿಸಿ ಅಳೆಯುವುದು. ಒಲೆ ಉರಿಯುತ್ತಿದೆಯೇ ಎಂದು ಅದರಿಂದ ತಿಳಿಯಬಹುದು, ಸೌದೆ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ ಎಂದುಬಿಟ್ಟರು. ಕೊನೆಗೆ ಕಾರನ್ನು ರಾತ್ರಿ ಅಲ್ಲೇ ಬಿಡಲು ಹೇಳಿದರು. ಲೋಹ ಬಿಸಿಯಾದಾಗ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ತಣ್ಣಗಿದ್ದಾಗಲೇ ಹಿಡಿಯಬೇಕು.

ಬೆಳಿಗ್ಗೆ ಎಂಟೂವರೆಗೆ ಬನ್ನಿ ಎಂದಿದ್ದರು. ಹೋದೆ. ಅವರು ಬಂದದ್ದು ಹತ್ತೂಕಾಲಿಗೆ. ಫೋನ್ ಎತ್ತುವುದಿಲ್ಲ. ಒದ್ದೆ ಜೀಪಿನ ಸೀಟಿನಲ್ಲಿ ಕೊಡೆ ಬಿಡಿಸಿಕೊಂಡು ಕುಳಿತು ಎರಡು ಸೆಟ್ ಉತ್ತರಪತ್ರಿಕೆ ಮುಗಿಸಿದೆ. ಇದು ವಿಮರ್ಶೆಯಾದ್ದರಿಂದ ಇದನ್ನೂ ಬರೆಯಬೇಕು.

ಬಂದ ಮೇಲೆ ಮಾತ್ರ ಕೈ ಚುರುಕು. ಸ್ಟಾರ್ಟ್ ಮಾಡಿಸಿ ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿ ಒತ್ತಿ ಹಿಡಿದರು. ಅಡಿಯಿಂದ ನನ್ನ ಚುಸ್ ಚುಸ್ ಈಗ ದೊಡ್ಡದಾಗಿ ಕೇಳಿತು. ತಕ್ಷಣ ಆಫ್ ಮಾಡಿಸಿದರು. ಸೀಟು ಸ್ವಚ್ಛ ಮಾಡುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಅದರ ಊದುವ ಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಟ್ಟೆ ಸುತ್ತಿ ಸೈಲೆನ್ಸರಿಗೆ ತುರುಕಿದರು. ತಾವು ಗುಂಡಿಗೆ ಇಳಿದು, ಬಣ್ಣ ಬಳಿಯುವ ಬ್ರಷ್‌ನಿಂದ ಪೈಪಿನ ಜೋಡಣೆಗಳಿಗೆಲ್ಲ ಸಾಬೂನು ನೀರು ಬಳಿಯುತ್ತ ಬಂದರು. ‘ಬನ್ನಿ ನೋಡಿ’ ಎಂದರು. ಸೀರೆ ಎತ್ತಿಕಟ್ಟಿ ಮೂರು ಮೆಟ್ಟಿಲು ಇಳಿದೆ. ಟಾರ್ಚಿನ ಬೆಳಕಿನಲ್ಲಿ, ಕನ್ವರ್ಟರ್ ಮುಗಿದು ಮುಂದಿನ ಪೈಪು ಸೇರುವ ಕಡೆ, ಹಿಂದಿನ ಸೆನ್ಸರಿಗಿಂತ ಒಂದು ಗೇಣು ಮೊದಲು, ಬಿಳಿ ಗುಳ್ಳೆಗಳು ಎಣ್ಣೆಗೆ ಬಿಟ್ಟ ಬೂಂದಿಕಾಳಿನ ಹಾಗೆ ಒಂದರ ಮೇಲೊಂದು ಉಬ್ಬಿ ಬರುತ್ತಿದ್ದವು.

ಆ ಜೋಡಣೆಯಲ್ಲಿ ಬಳೆಯಂಥ ಒಂದು ಸೀಲಿಂಗ್ ರಿಂಗ್ ಇರುತ್ತದೆ, ಎರಡು ಬೋಲ್ಟುಗಳು ಸ್ಪ್ರಿಂಗ್ ಇಟ್ಟು ಅದನ್ನು ಅಮುಕಿ ಹಿಡಿದಿರುತ್ತವೆ. ಎಂಜಿನ್ ಅಲುಗಿದರೂ ಪೈಪು ಮುರಿಯದಿರಲಿ ಎಂದು ಈ ಏರ್ಪಾಡು. ಒಂದು ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗಿತ್ತು. ಅರ್ಧ ಮಾತ್ರ ಸಿಕ್ಕಿತು, ಉಳಿದರ್ಧ ಮರವಂತೆಯಲ್ಲೋ ತ್ರಾಸಿಯಲ್ಲೋ ಬಿದ್ದಿರಬೇಕು. ಹನ್ನೊಂದು ವರ್ಷ ಕಡಲ ಉಪ್ಪುಗಾಳಿಯಲ್ಲಿ ದಿನಕ್ಕೆರಡು ಸಲ ಓಡಿದ ಕಬ್ಬಿಣ. ರಿಂಗ್ ಒಂದು ಬದಿಯಲ್ಲಿ ಸುಟ್ಟು ತೆಳುವಾಗಿತ್ತು. ಎಂಜಿನ್ ಒಲೆದಾಗಲೆಲ್ಲ ಸಂದು ಬಾಯಿ ತೆರೆಯುತ್ತಿತ್ತು, ಗಾಳಿ ನುಗ್ಗುತ್ತಿತ್ತು, ಹಿಂದಿನ ಸೆನ್ಸರಿಗೆ ಬರೀ ಆಮ್ಲಜನಕ ಕಾಣುತ್ತಿತ್ತು, ಕಂಪ್ಯೂಟರ್ ಪಾಪದ ಕನ್ವರ್ಟರಿನ ಮೇಲೆ ದೂರು ಬರೆಯುತ್ತಿತ್ತು. ಇಷ್ಟಾದ ಮೇಲೂ ಅಣ್ಣ ಕನ್ವರ್ಟರಿನ ಹೊಟ್ಟೆಗೆ ಮುಷ್ಟಿಯಿಂದ ನಾಲ್ಕು ಗುದ್ದು ಕೊಟ್ಟು ಕಿವಿಯಿಟ್ಟರು. ಜೇನುಗೂಡು ಒಡೆದಿದ್ದರೆ ಗಲಗಲ ಎನ್ನಬೇಕು. ಎನ್ನಲಿಲ್ಲ.

ಬಿಚ್ಚುವಾಗ ಒಂದು ಬೋಲ್ಟು ಮುರಿಯಿತು. ಡ್ರಿಲ್ ಮಾಡಿ ತೆಗೆಯಲು ಒಂದೂವರೆ ಗಂಟೆ. ರಿಂಗ್ 380, ಬೋಲ್ಟು ಸ್ಪ್ರಿಂಗ್ ಎರಡು ಜೊತೆ 240, ಕೂಲಿ 700, ಒಟ್ಟು 1,320. ರಿಂಗಿನ ರಟ್ಟಿನ ಪೊಟ್ಟಣದ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದೇ ಬಿಲ್ಲು. ಜಿಎಸ್‌ಟಿ ಬಿಲ್ಲು ಬೇಕಾದವರು, ವಿಮೆಗೆ ಕಾಗದ ಬೇಕಾದವರು ಇಲ್ಲಿಗೆ ಬಂದು ಪ್ರಯೋಜನವಿಲ್ಲ. ಚಾಲಕರ ಸೀಟಿನ ಬೆನ್ನಿಗೆ ಹುಡುಗನ ಐದೂ ಬೆರಳು ಗ್ರೀಸಿನಲ್ಲಿ ಅಚ್ಚಾಗಿವೆ, ಇನ್ನೂ ಹೋಗಿಲ್ಲ. ಹಿಂದಿನ ಸೆನ್ಸರನ್ನೂ ಬದಲಿಸಬೇಕೇ ಎಂದು ನಾನಾಗಿಯೇ ಕೇಳಿದ್ದೆ. ‘ಅದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅದಕ್ಕೇಕೆ ಶಿಕ್ಷೆ?’ ಎಂದರು. ಮೂರು ಸಾವಿರದ ಚಿಲ್ಲರೆಯ ವ್ಯಾಪಾರವನ್ನು ಗಿರಾಕಿಯೇ ಕೈಗಿಟ್ಟರೂ ಬಿಟ್ಟವರು, ಹಾಗಾಗಿ ಗ್ರೀಸಿನ ಬೆರಳುಗಳನ್ನು ಮನ್ನಿಸಿದ್ದೇನೆ.

ಕೋಡನ್ನು ಈಗ ಅವರೇ ಅಳಿಸಿದರು. ದೀಪ ಆರಿದ್ದನ್ನು ನೋಡಿ ಹಿಗ್ಗಬೇಡಿ ಎಂದರು, ಅಳಿಸಿದ ಮೇಲೆ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕು. ಕನ್ವರ್ಟರಿನ ಪರೀಕ್ಷೆ ಎಲ್ಲಕ್ಕಿಂತ ಹಟಮಾರಿ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಕೆಲವು ನಿಮಿಷ ಒಂದೇ ವೇಗದಲ್ಲಿ ಹೋಗುತ್ತಿರಬೇಕು. ಪೇಟೆಯೊಳಗೆ ಎಷ್ಟು ಸುತ್ತಿದರೂ ಆಗುವುದಿಲ್ಲ. ಮೊದಲ ದಿನ ಹೆಮ್ಮಾಡಿಯಲ್ಲಿ ದನ ಅಡ್ಡ ಬಂತು, ಎರಡನೆಯ ದಿನ ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡೆ. ಮೂರನೆಯ ದಿನ ಮರವಂತೆಯ ನೇರ ರಸ್ತೆಯಲ್ಲಿ 65ರಲ್ಲಿ ಕಾಲು ಅಲುಗಿಸದೆ ಹೋದೆ. ಮನೆಗೆ ಬಂದು ಆಪ್ ತೆರೆದರೆ ‘ಕ್ಯಾಟಲಿಸ್ಟ್’ ಎಂಬುದರ ಮುಂದೆ ಹಸಿರು ಗುರುತು. ಬಾಕಿ ಪಟ್ಟಿ ಖಾಲಿ. ಹಿಂದಿನ ಸೆನ್ಸರಿನ ಗೆರೆ 0.68ರಲ್ಲಿ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಹೊಗೆ ತಪಾಸಣೆಯನ್ನೂ ಮತ್ತೆ ಮಾಡಿಸಿದೆ, ಈ ಸಲ ನೀರು ಬೆರೆಸದ ಹಾಲು: 0.05 ಮತ್ತು 46.

ಅಂದಿನಿಂದ ಏಳು ವಾರ, 2,900 ಕಿಲೋಮೀಟರ್. ದೀಪ ಹತ್ತಿಲ್ಲ, ಬೆಳಗಿನ ಚುಸ್ ಚುಸ್ ಇಲ್ಲ. ಇನ್ನೊಂದು ಬದಿಯ ಬೋಲ್ಟಿಗೆ ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ಗ್ರೀಸ್ ಹಾಕಿಸಲು ಹೇಳಿದ್ದಾರೆ.

ಹೋಗುವವರಿಗೆ: ಸಂಜೆ ಹೋಗಿ, ಕಾರು ರಾತ್ರಿ ಬಿಡುವ ಮನಸ್ಸು ಮಾಡಿಕೊಂಡೇ ಹೋಗಿ. ಕೋಡ್ ಅಳಿಸಿಕೊಂಡು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ನಗದು ಇರಲಿ. ಭಾನುವಾರ ರಜೆ, ಊರಲ್ಲಿ ಕಂಬಳ ಇದ್ದ ದಿನವೂ ರಜೆ. ಕುಂದಾಪುರದಿಂದ ಬೈಂದೂರಿನ ಕಡೆ ಹೋಗುವಾಗ ಸರ್ವಿಸ್ ರಸ್ತೆಗೆ ಮೊದಲೇ ಇಳಿದುಕೊಳ್ಳಬೇಕು. ನೀಲಿ ಟಾರ್ಪಾಲು ಹೆದ್ದಾರಿಯಿಂದ ಕಾಣುತ್ತದೆ, ಆದರೆ ಕಂಡ ಮೇಲೆ ತಿರುಗಲು ಜಾಗವಿಲ್ಲ. ಮುಂದಿನ ತಿರುವು ಎರಡು ಕಿಲೋಮೀಟರ್ ಆಚೆ.